ಕಫದ ಡಬ್ಬಿಗೆ ಮುಚ್ಚಳ ಹಾಕಿದವರು ಯಾರು?

ಸತ್ತವರು ಬಂದು ಹೋದರು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸ ನನ್ನದು. ಅಳೆದು ನೋಡದೆ ಯಾವುದಕ್ಕೂ ಸೈ ಅನ್ನುವವನಲ್ಲ. ಇದನ್ನು ಓದಿ ನೀವೂ ನಗಬಹುದು, ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಂಜನಗೂಡಿನ ನಮ್ಮ ಮನೆಯಲ್ಲಿ ಅಮ್ಮನಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಮೈ ಇಳಿದುಹೋಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಟಿ.ಬಿ. ಇರಬಹುದು, ಕ್ಯಾನ್ಸರ್ ಗಡ್ಡೆಯೂ ಇರಬಹುದು. ಮೊದಲು ಕಫ ತನ್ನಿ" ಎಂದರು. ಕಫವನ್ನು ಯಂತ್ರಕ್ಕೆ ಹಾಕಿದರೆ ಅದು ರೋಗಾಣುವಿನ ಜೀನನ್ನೇ ಹುಡುಕಿ, ಟಿ.ಬಿ. ಹೌದೋ ಅಲ್ಲವೋ, ಮುಖ್ಯ ಔಷಧಿ ಅದಕ್ಕೆ ನಾಟುತ್ತದೋ ಇಲ್ಲವೋ ಎಂಬುದನ್ನು ಎರಡು ಗಂಟೆಯಲ್ಲಿ ಹೇಳುತ್ತದಂತೆ. ಅದರಲ್ಲಿ ಗೊತ್ತಾಗದಿದ್ದರೆ ಮೈಸೂರಿಗೆ ಹೋಗಿ ಎದೆಗೆ ಸೂಜಿ ಚುಚ್ಚಿಸಿ ತುಣುಕು ತೆಗೆಸಬೇಕು. ಅಮ್ಮನ ದೇಹ ಅದನ್ನು ತಡೆದುಕೊಳ್ಳುತ್ತದೆಂಬ ಧೈರ್ಯ ನನಗಿರಲಿಲ್ಲ.

ಆದರೆ ಕಫ ಬರಬೇಕಲ್ಲ! ಅಮ್ಮನದು ಒಣಕೆಮ್ಮು. ಸಾಲದ್ದಕ್ಕೆ, ನಾಲ್ಕು ಜನರಿಗೆ ತೋರಿಸುವ ಪದಾರ್ಥ ಚೆನ್ನಾಗಿರಲಿ ಎಂದು ಮೊದಲ ದಿನ ಬಾಯಿ ತೊಳೆದು, ಎಲೆಅಡಿಕೆ ಹಾಕಿಕೊಂಡು, ಡಬ್ಬಿಗೆ ಉಗಿದು ಕೊಟ್ಟಿದ್ದಳು. ಕೆಂಪು ನೋಡಿ ರಕ್ತವೆಂದು ಲ್ಯಾಬಿನಾಕೆ ಗಾಬರಿಯಾದಳು. ಆಮೇಲೆ ವಿಷಯ ತಿಳಿದು, "ಸಾ, ಇದು ಬರೀ ಎಂಜಲು. ಎದೆಯಿಂದ ಕ್ಯಾಕರಿಸಿದ್ದು ಬೇಕು, ಬೆಳಗ್ಗೆ ಎದ್ದ ಕೂಡ್ಲೇ" ಎಂದು ಬೇರೆ ಡಬ್ಬಿ ಕೊಟ್ಟು ಕಳಿಸಿದಳು. ಮರುದಿನ ಅಮ್ಮ ಎಷ್ಟು ತಿಣುಕಿದರೂ ಉಗುಳೇ ಬಂತು. "ನನ್ನ ಬುಟ್ಬುಡು ಮಗ, ಮೈಸೂರ್‌ಗೆಲ್ಲಾ ನಾ ಬರಕಿಲ್ಲ" ಎಂದು ಅಳತೊಡಗಿದಳು. ನಾನೂ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಹೆಂಡತಿ ತವರಿಗೆಂದು ಟಿ. ನರಸೀಪುರಕ್ಕೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಅದರ ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅಮ್ಮನ ಕೆಮ್ಮು ಕೇಳಿ ನನಗೆ ಎಚ್ಚರವಾಯಿತು. ಜೊತೆಗೆ ಅಂಗೈಯಿಂದ ಬೆನ್ನು ತಟ್ಟುವ ಸದ್ದು. ಹೆಂಡತಿ ಬಂದಿರಬೇಕು ಎಂದುಕೊಂಡು ಎದ್ದೆ. ಮುಂಬಾಗಿಲು, ಹಿತ್ತಲ ಬಾಗಿಲು ಎರಡಕ್ಕೂ ಒಳಗಿನಿಂದ ಚಿಲಕ ಹಾಕಿತ್ತು. ಅಮ್ಮ ನಡುಮನೆಯಲ್ಲಿ ಮುಂದಕ್ಕೆ ಬಾಗಿ ಒಬ್ಬಳೇ ಕುಳಿತಿದ್ದಳು. ಪಕ್ಕದಲ್ಲಿ ಡಬ್ಬಿ. ಅದರೊಳಗೆ ಗಟ್ಟಿ ಕಫ, ಮೇಲೆ ಮುಚ್ಚಳ.

"ನಿಮ್ಮಪ್ಪ ಬಂದಿದ್ರು ಕಣ್ಲಾ. ಬೆನ್ ತಟ್ಟುದ್ರು" ಎಂದಳು. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಆಕೆ ಕನಸು ಕಂಡಳು ಎನ್ನೋಣ. ನಾನು ಕೇಳಿದ ಸದ್ದೂ ಅರೆನಿದ್ದೆಯ ಭ್ರಮೆಯೇ ಇರಲಿ. ಆದರೆ ಸಂಧಿವಾತದಿಂದ ಅಮ್ಮನ ಬೆರಳುಗಳು ಸೊಟ್ಟಗಾಗಿದ್ದವು. ಎಣ್ಣೆ ಬಾಟಲಿಯ ಮುಚ್ಚಳವನ್ನೂ ನಾವೇ ತಿರುಗಿಸಿಕೊಡಬೇಕಾಗಿತ್ತು. ಹಿಂದಿನ ಎರಡು ದಿನವೂ ಡಬ್ಬಿಯನ್ನು ತೆಗೆದವನೂ ನಾನೇ, ಮುಚ್ಚಿದವನೂ ನಾನೇ. ಆಸ್ಪತ್ರೆಯಲ್ಲಿ ಲ್ಯಾಬಿನಾಕೆ ಆ ಮುಚ್ಚಳ ತೆಗೆಯಲು ಹೆಣಗಾಡಿ, "ಯಾರ್ ಸಾ ಇಷ್ಟು ಬಿಗಿಯಾಗಿ ಮುಚ್ಚಿದ್ದು?" ಎಂದು ಗೊಣಗಿದಳು. ನಮ್ಮ ಮನೆಯಲ್ಲಿ ಹಾಗೆ ಮುಚ್ಚಳ ಬಿಗಿದು ಎಲ್ಲರಿಂದ ಬೈಸಿಕೊಳ್ಳುತ್ತಿದ್ದವರು ಅಪ್ಪ ಒಬ್ಬರೇ.

ಮಧ್ಯಾಹ್ನದೊಳಗೆ ಫಲಿತಾಂಶ ಬಂತು. ಟಿ.ಬಿ.; ಮಾಮೂಲಿ ಔಷಧಿಗೇ ಬಗ್ಗುವಂಥದ್ದು. ತಾಯಿಗೆ ಟಿ.ಬಿ. ಎಂದು ಕೇಳಿ ಡಾಕ್ಟರ ಕೈ ಹಿಡಿದು ನಕ್ಕ ಮಗ ನಾನೊಬ್ಬನೇ ಇರಬೇಕು. ಎಷ್ಟೋ ದಿನದ ಮೇಲೆ ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಅಂದೇ ಮಾತ್ರೆ ಶುರುವಾಯಿತು. ತಿಂಗಳುಗಳು ಕಳೆದು ಮಾತ್ರೆ ಮುಗಿಯುವಷ್ಟರಲ್ಲಿ ಅಮ್ಮ ಪೂರ್ತಿ ಗುಣವಾದಳು. ಈಗ ಕಪಿಲೆಯ ದಂಡೆಯವರೆಗೂ ಒಬ್ಬಳೇ ನಡೆದು ಹೋಗಿ ಬರುತ್ತಾಳೆ.

ಆ ಮುಚ್ಚಳದ ವಿಷಯಕ್ಕೆ ಮಾತ್ರ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಔಷಧಿ ಮುಗಿದ ದಿನ, ಅಪ್ಪ ಏನಾದರೂ ಅಂದರಾ ಎಂದು ಅಮ್ಮನನ್ನೇ ಕೇಳಿದೆ.

"ಒಂದ್ ಮಾತೂ ಆಡ್ನಿಲ್ಲ. ಕರ್ಕಂಡ್ ಓಗಕ್ ಬಂದವ್ರೆ ಅನ್ಕಂಡು ನಾನು ಸೀರೆ ಸರಿ ಮಾಡ್ಕಂಡೆ. ಅವರು ಬೆನ್ ತಟ್ಟುಬುಟ್ಟು, ನನ್ನ ಇಲ್ಲೇ ಬುಟ್ಟು ಓದ್ರು" ಎಂದಳು.

ಅವಳ ದನಿಯಲ್ಲಿದ್ದದ್ದು ಸಮಾಧಾನವೋ ಮುನಿಸೋ, ಅದೂ ನನಗೆ ತಿಳಿಯಲಿಲ್ಲ.