ಎರಡು ಪದರದ ಅರಿವಿ

ದರ್ಜಿ ಚಾಚಾ ಅವರ ಅಂಗಿಯ ಜೇಬಿನಲ್ಲಿ ಕತ್ತರಿಯ ಜೊತೆಗೆ ಒಂದು ಔಷಧಿ ಸೀಸೆ ಇರುತ್ತಿತ್ತು. ಅದರೊಳಗೆ ಮೊಳದುದ್ದದ, ಬೆಂದ ಶಾವಿಗೆಯಂಥ ಬಿಳಿ ಹುಳ. ಯಾರದೋ ಹಿಮ್ಮಡಿಯಿಂದ ಅವರೇ ಎಳೆದು ತೆಗೆದದ್ದು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ನಮ್ಮೂರು ಹೂಲಿಯ ಮನೆ ಮನೆಯ ಬಾಗಿಲಲ್ಲಿ ನಿಂತು, ಊಟದ ಹೊತ್ತೆಂದೂ ನೋಡದೆ, ಆ ಸೀಸೆಯನ್ನು ಹೆಂಗಸರ ಮುಖದ ಮುಂದೆ ಅಲ್ಲಾಡಿಸುತ್ತಿದ್ದರು.

“ಹೇಸಿಗಿ ಬರತೈತೇನ್ರಿ ಬಾಯಾರ? ಬರಲಿ. ಬಾವಿ ನೀರು ಸೋಸದ ಕುಡದ್ರ ಇದು ನಿಮ್ಮ ಮೈಯಾಗ ಬೆಳೀತೈತಿ. ವರ್ಷ ತುಂಬಿದ ಮ್ಯಾಲ ಕಾಲಾಗ ಹೊರಗ ಬರತೈತಿ.”

ನಮ್ಮ ಬಾವಿಯೋ, ಹೇಸಿಗೆಗೆಂದೇ ಕಟ್ಟಿಸಿದಂತಿತ್ತು. ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತೇ ಕೊಡ ತುಂಬಬೇಕು. ಈ ಹುಳ ಹೊರಬರುವ ನಾರುಹುಣ್ಣಾದವರು ಉರಿ ತಣ್ಣಗಾಗಲೆಂದು ಅದೇ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಅವರ ಪಕ್ಕದಲ್ಲೇ ನಮ್ಮವ್ವ ಒದ್ದೆ ಸೀರೆಯಲ್ಲಿ, ಯಾರನ್ನೂ ಸೋಕದೆ, ಮಡಿನೀರು ತುಂಬಿಕೊಳ್ಳುತ್ತಿದ್ದಳು. ಆ ಮಡಿಗಿಷ್ಟು ಬೆಂಕಿ ಹಾಕ.

ಚಾಚಾ ಹೊಲಿದು ಉಳಿದ ತೆಳು ಬಟ್ಟೆಯನ್ನು ಎರಡು ಪದರ ಮಾಡಿ, ಅಂಚು ಹೊಲಿದು, ನೀರು ಸೋಸಲೆಂದು ಮನೆಗೊಂದು ಹಂಚಿದ್ದರು. “ಮ್ಯಾಲಿನ ಮಗ್ಗಲು ಯಾವತ್ತೂ ಮ್ಯಾಲೇ ಇರಲಿ” ಎಂದು ಗುರುತಿಗೆ ಮೂಲೆಯಲ್ಲಿ ಕೆಂಪು ದಾರ ಹಾಕಿದ್ದರು. ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲವೆಂದು ಅವ್ವ ಅದನ್ನು ಒಲೆಯಿಂದ ಪಾತ್ರೆ ಇಳಿಸಲು ಇಟ್ಟುಕೊಂಡಳು.

ಮುಂದಿನ ಬೇಸಿಗೆಯಲ್ಲಿ ನನ್ನ ಪಾದದ ಮೇಲೆ ಗುಳ್ಳೆಯೆದ್ದು ಒಡೆಯಿತು. ನನಗಾಗ ಹನ್ನೊಂದು ವರ್ಷ. ಕೀವಿನ ನಡುವೆ ಬಿಳಿ ತುದಿ ಕಂಡಾಗ ಆ ಕಾಲನ್ನೇ ಕಡಿದು ಒಗೆಯಬೇಕೆನಿಸಿತು. ಅವ್ವ ದೇವರ ಕಾಟವೆಂದಳು. ಚಾಚಾ ದಿನಾ ಬಂದು ಕಟ್ಟೆಯ ಮೇಲೆ ಕೂತು, ಕಡ್ಡಿಗೆ ಹುಳ ಸುತ್ತಿ, ಎರಡು ಬೆರಳಿನಷ್ಟೇ ಎಳೆಯುತ್ತಿದ್ದರು.

“ಅವಸರ ಮಾಡಿದ್ರ ಒಳಗ ಹರೀತೈತಿ ತಂಗಿ. ಆಮ್ಯಾಲ ಕಾಲು ಕೊಳೀತೈತಿ.”

ನಮ್ಮ ಮನೆಯವರು ಯಾರೂ ಮುಟ್ಟದ ಕೀವನ್ನು ತೊಳೆದವರು ಅವರು.

ಹುಳ ಪೂರ್ತಿ ಹೊರಬಂದ ದಿನ ಅವ್ವ ಕಣ್ಣೊರೆಸಿಕೊಂಡು, “ಚಾಚಾ, ನೀರರ ಕುಡದ ಹೋಗ್ರಿ” ಎಂದಳು. ಬೇರೆಯವರ ಮನೆಯ ತೊಟ್ಟು ನೀರೂ ಮುಟ್ಟದ ಮನುಷ್ಯ ಅಂದು ಬೊಗಸೆಯೊಡ್ಡಿದರು. ನಾನು ತಂಬಿಗೆ ತಂದೆ.

“ಸೋಸಿದ್ದೇನು ತಂಗಿ?”

ಒಲೆಯ ಪಕ್ಕದಲ್ಲಿ ಅವರ ಬಟ್ಟೆ ಮಸಿ ಹಿಡಿದು ಬಿದ್ದಿತ್ತು. ನಿಜ ಹೇಳಿದರೆ ಅವ್ವನ ಮಾನ ಹೋಗುತ್ತಿತ್ತು. “ಹೌದ್ರಿ” ಎಂದೆ. ಮೈಲಿಗೆಯಾಗದಂತೆ ಎತ್ತರದಿಂದ ಸುರಿದೆ. ಅವರು ಕುಡಿದರು.

ವರ್ಷ ತುಂಬುವಷ್ಟರಲ್ಲಿ ಅವರ ಮೊಣಕಾಲು ಊದಿತು. ಹುಳ ಒಳಗೇ ಹರಿದು, ಮಷಿನ್ ತುಳಿಯುವ ಆ ಕಾಲು ಕೊಳೆಯತೊಡಗಿತು. ನೋಡಲು ಹೋದವಳು ಕೋಣೆಯ ನಾತಕ್ಕೆ ಮೂಗು ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಂಡ ಕೈಯ ಮೇಲೆ ನನಗೆ ಈಗಲೂ ಅಸಹ್ಯ.

“ಮನಿ ನೀರು ಬಿಟ್ಟು ಎಲ್ಲೂ ಕುಡದವರಲ್ಲ. ಇವರಿಗೆ ಹೆಂಗ ಬಂತೋ ಏನೋ” ಎಂದು ಅವರ ಹೆಂಡತಿ ಅತ್ತರು.

ಚಾಚಾ ನನ್ನನ್ನೊಮ್ಮೆ ನೋಡಿದರು.

“ಎಲ್ಲೋ ಸಂತ್ಯಾಗ ಕುಡದಿರಬೇಕ ಬಿಡು. ನನಗ ನೆನಪಿಲ್ಲ.”

ನಾನು ಆಗಲೂ ನಿಜ ಹೇಳದೆ ಎದ್ದು ಮನೆಗೆ ಬಂದೆ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.