ಅತ್ತೆ ಮುಂದೆ ಕುರ್ಚಿ

ನಮ್ಮಮ್ಮನ ಸೊಂಟದ ಕೀಲು ಮುರಿದದ್ದು ಮಾವಿನಕಾಯಿ ತುಂಬಿದ ಗಾಡಿಯಿಂದ ಬಿದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆದು ಲೋಹದ ಕೀಲು ಕೂರಿಸಿದರು. ನೆಲದ ಮೇಲೆ ಕೂರಬಾರದು, ಬಗ್ಗಬಾರದು, ಕುರ್ಚಿಯಲ್ಲೇ ಕೂರಬೇಕು ಎಂದು ಹೇಳಿ ಕಳಿಸಿದರು. ಅಪ್ಪ ಶ್ರೀನಿವಾಸಪುರದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ಎತ್ತರದ ಕುರ್ಚಿ ತಂದು ಅಡುಗೆಮನೆಯಲ್ಲಿ ಹಾಕಿದರು.

ಕುರ್ಚಿ ಬಂತು, ಕೂರುವವರು ಬೇಕಲ್ಲ! ನಮ್ಮ ಮನೆಗಳಲ್ಲಿ ಸೊಸೆಯಾದವಳು ಅತ್ತೆಯ ಎದುರು ಕುರ್ಚಿ ಮೇಲೆ ಕೂರುವುದಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಒಳಗೆ ಕಾಲಿಟ್ಟರೆ ಸಾಕು, ಅಮ್ಮ ಕುರ್ಚಿ ಬಿಟ್ಟು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಅಜ್ಜಿಯೋ, ಒಂದು ಕಡೆ ನಿಲ್ಲುವ ಜೀವವೇ ಅಲ್ಲ. ಬೇಡ ಎಂದು ಅವಳೂ ಹೇಳಲಿಲ್ಲ. ಮರ್ಯಾದೆ ಯಾವ ಅತ್ತೆಗೆ ಕಹಿ? ನನಗಂತೂ ಇಬ್ಬರ ಮೇಲೂ ಮೈ ಉರಿಯುತ್ತಿತ್ತು.

ಕೆಲವು ವರ್ಷಗಳಲ್ಲಿ ಕೀಲು ಸಡಿಲವಾಯಿತು. ರಾಗಿ ಹೊಲದ ಮಾತಿರಲಿ, ಬಚ್ಚಲಿಗೆ ಹೋಗಲೂ ಅಮ್ಮ ಗೋಡೆ ಹಿಡಿಯಬೇಕಾಯಿತು. ಮತ್ತೆ ಬೆಂಗಳೂರು, ಮತ್ತೆ ಆಪರೇಷನ್. ಈ ಸಲ ಬಹಳ ಹೊತ್ತು ಹಿಡಿಯಿತು. ಹಳೆಯ ಕೀಲಿನ ಸುತ್ತಲಿನ ಮೂಳೆ ಗೆದ್ದಲು ತಿಂದ ತೊಲೆಯ ಹಾಗೆ ಟೊಳ್ಳಾಗಿತ್ತಂತೆ. ಬೇರೆ ಮೂಳೆಯ ಚೂರುಗಳನ್ನು ಅಲ್ಲಿ ತುಂಬಿ, ಹೊಸ ಕೀಲು ಕೂರಿಸಿದ್ದರು.

ಮನೆಗೆ ಕಳಿಸುವ ದಿನ ಅಜ್ಜಿಯೂ ಬಂದಿದ್ದಳು. ಅವಳನ್ನು ಕಂಡದ್ದೇ ಅಮ್ಮ ಮಂಚದಿಂದ ಇಳಿಯಲು ಹೊರಟಳು. ಡಾಕ್ಟರು ಗದರಿದರು.

“ಸುಮ್ನೆ ಕೂತ್ಕೊಳ್ಳಮ್ಮ! ಇನ್ನೊಂದ್ಸಲ ಜಾರಿದ್ರೆ ಕೂರ್ಸೋಕೆ ಒಳಗೆ ಮೂಳೆನೇ ಇಲ್ಲ. ಆಮೇಲೆ ನಿಂಗೆ ಮಂಚನೇ ಗತಿ.”

ಅಮ್ಮ ಯಾಕೆ ಇಳಿಯಹೊರಟಳು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. ಕಾರು ಕೋಲಾರ ದಾಟುವವರೆಗೂ ಅವಳು ಸೊಸೆಯ ಕೈ ಹಿಡಿದು ಕೂತಿದ್ದಳು.

ಅಂದಿನಿಂದ ಅಡುಗೆಮನೆಗೆ ಬರುವ ಮೊದಲೇ ಅಜ್ಜಿ ಹೊರಗಿನಿಂದ ಕೂಗುತ್ತಿದ್ದಳು, “ಏಳ್ಬೇಡ ಕಣೇ, ನಾನು ಬರ್ತಿದೀನಿ!” ಅಭ್ಯಾಸ ಹೋದೀತೆ? ಕೂಗು ಕೇಳಿಯೇ ಅಮ್ಮ ಎದ್ದು ನಿಂತಿರುತ್ತಿದ್ದಳು. ಕೊನೆಗೆ ಅಜ್ಜಿ ಒಳಗೆ ಬರುವುದನ್ನೇ ಬಿಟ್ಟಳು. ಅವಳ ಊಟ, ಎಲೆಯಡಿಕೆ, ಜಗಳ ಎಲ್ಲವೂ ಜಗಲಿಗೆ ಹೋಯಿತು. ಅಷ್ಟು ವರ್ಷ ಆ ಅಡುಗೆಮನೆಯನ್ನು ಆಳಿದವಳು ತಟ್ಟೆ ಹಿಡಿದು ಹೊರಗೆ ಕೂತಿದ್ದನ್ನು ನೋಡಿ ನನ್ನ ಸಿಟ್ಟೆಲ್ಲ ಕರಗಿ ಅಳು ಬಂತು.

ಅಮ್ಮನ ನೋವು ನಿಂತಿತು. ಒಂದು ಕಾಲು ತುಸು ಗಿಡ್ಡವಾಗಿ ಕುಂಟು ಉಳಿಯಿತು, ಕೈಗೆ ಕೋಲು ಬಂತು. ಅಷ್ಟರಲ್ಲಿ ಯುಗಾದಿ ಬಂತು. ಎಣ್ಣೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಅಮ್ಮ ಜಗಲಿಗೆ ಬಂದು ಅಜ್ಜಿಯ ಕಾಲು ಮುಟ್ಟಲು ಬಗ್ಗತೊಡಗಿದಳು.

“ನಿಲ್ಲೇ!” ಎಂದು ಅಜ್ಜಿ ಚೀರಿದಳು.

“ಈ ವರ್ಷ ಕೈ ಮುಗಿದ್ರೆ ಸಾಕು ಬಿಡು” ಎಂದರು ಅಪ್ಪ.

ಅಮ್ಮನ ಕಣ್ಣು ತುಂಬಿತು. “ಹಬ್ಬದ ದಿನ ಕಾಲು ಮುಟ್ದೆ ಹೆಂಗೆ ಅತ್ತೆ?”

ಅಜ್ಜಿ ಒಂದು ಗಳಿಗೆ ಯೋಚಿಸಿದಳು. ಅಮ್ಮನನ್ನು ಅಂಗಳಕ್ಕೆ ಇಳಿಸಿ ನಿಲ್ಲಿಸಲು ನನಗೆ ಹೇಳಿದಳು. ಅಪ್ಪನ ಕೈಯಲ್ಲಿ ಜಗಲಿಯ ಅಂಚಿಗೆ ಬೆಂಚು ಹಾಕಿಸಿ, ಮಗನ ಹೆಗಲು ಹಿಡಿದು ಅದರ ಮೇಲೆ ಹತ್ತಿದಳು.

“ಈಗ ಮುಟ್ಟು ತಲ್ಲೀ” ಎಂದಳು. ಮುದ್ದು ಉಕ್ಕಿದರೆ ತಾಯಿ ಎನ್ನಲೂ ಅವಳಿಗೆ ತೆಲುಗೇ ಬರುತ್ತಿದ್ದುದು. “ಸೊಂಟ ಬಗ್ಗಿಸಿದ್ಯೋ, ನೋಡು ಮತ್ತೆ!”

ಅಮ್ಮ ನೆಟ್ಟಗೆ ನಿಂತೇ ಆ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನು ಅಜ್ಜಿ ತಲೆ ಮುಟ್ಟಿ ಹರಸಬೇಕು. ಅಷ್ಟು ಮೇಲಿನಿಂದ ಅವಳ ಕೈಗೆ ಸೊಸೆಯ ತಲೆ ಎಟುಕಲಿಲ್ಲ. ಅಪ್ಪನ ಹೆಗಲನ್ನು ಗಟ್ಟಿಯಾಗಿ ಹಿಡಿದು ಅಜ್ಜಿಯೇ ಬಗ್ಗಿದಳು.