ಅಕಿ ಅಂಗಡಿಯ ಒತ್ತು

ಒಂದು ವಾರದಿಂದ ನನ್ನ ಬ್ಯಾಗಿನಲ್ಲಿ ಒಂದು ಹಳೆಯ ಹಲಗೆ ಇತ್ತು. ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರ. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪು ಹೆಚ್ಚುಕಡಿಮೆ ಇಷ್ಟೇ ಇರುತ್ತದೆಂದು ಲೆಕ್ಕ ಹಾಕಿ, ಕೊಳ್ಳುವ ಮೊದಲು ಹೆಗಲಿಗೆ ಒಗ್ಗುತ್ತದೋ ಇಲ್ಲವೋ ನೋಡೋಣವೆಂದು ಅದನ್ನು ಹೊತ್ತು ರಂಗಂಪೇಟೆಯಿಂದ ಶಹಾಪುರಕ್ಕೂ ಹುಣಸಗಿಗೂ ಬಸ್ಸಿನಲ್ಲಿ ಓಡಾಡಿದ್ದೆ. ಮೊನ್ನೆ ಯಾದಗಿರಿಯ ಕಂಪ್ಯೂಟರ್ ಅಂಗಡಿಯಲ್ಲಿ ಬ್ಯಾಗಿನ ಜಿಪ್ಪು ಎಳೆದಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ಮರ ವಾಸನೆ ಬಿಟ್ಟಿಲ್ಲ.

"ಏನ್ರಿ ಅಕ್ಕಾರ, ಲ್ಯಾಪ್‌ಟಾಪ್ ನೋಡಾಕ ಹಲಿಗಿ ತಂದೀರಿ?" ಎಂದು ಅಂಗಡಿಯವನು ನಕ್ಕ.

ನಗಲಿ ಬಿಡಿ. ಆ ಹಲಗೆ ಯಾರದೆಂದು ಅವನಿಗೇನು ಗೊತ್ತು...

ಅದು ಕಾಕಾನದು. ರಂಗಂಪೇಟೆಯಲ್ಲಿ ನಮ್ಮ ಪಕ್ಕದ ಮನೆ. ಊರಿಗೆಲ್ಲ ಅವರು ಪೇಂಟರ್, ನನಗೆ ಕಾಕಾ. ಫ್ಲೆಕ್ಸ್ ಬರುವುದಕ್ಕೆ ಮೊದಲು ಈ ಕಡೆಯ ಅಂಗಡಿಗಳ ನೆತ್ತಿಯ ಮೇಲೆ, ಹಿಟ್ಟಿನ ಗಿರಣಿಗಳ ಗೋಡೆಯ ಮೇಲೆ ಇದ್ದ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅವರ ಕೈಯಿಂದ ಇಳಿದವು. ದುಂಡಗೆ, ಹೊಟ್ಟೆ ತುಂಬ ಉಂಡು ಕೂತ ಹಾಗಿದ್ದ ಅಕ್ಷರಗಳು. ಅಂಥ 'ಅ' ನಾನು ಇನ್ನೆಲ್ಲೂ ನೋಡಿಲ್ಲ. ಕಾಲೇಜಿಗೆ ಹೋಗುವಾಗ ಭಾನುವಾರ ಅವರ ಕಟ್ಟೆಯ ಮೇಲೆ ಕೂತು ನಾನು ಬ್ರಷ್ ಹಿಡಿಯಲು ಕಲಿತೆ. ಓದಿದ್ದು ರಾಜ್ಯಶಾಸ್ತ್ರ, ಹೊಟ್ಟೆ ತುಂಬಿಸಿದ್ದು ಕಟ್ಟೆಯ ವಿದ್ಯೆ.

ಕಾಕಾ ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅದು ಅವರ ಮನಸ್ಸಿನಲ್ಲಿ ಸದಾ ಚುಚ್ಚುತ್ತಿದ್ದ ಮುಳ್ಳು. ಬೋರ್ಡಿನ ಮಾತು ಬಂದರೆ ಹುಲಿ, ಅರ್ಜಿ ಬರೆಯುವ ಮಾತು ಬಂದರೆ ಮೆತ್ತಗೆ ಎದ್ದು ಒಳಗೆ ಹೋಗುತ್ತಿದ್ದರು.

ಅವರ ಕೆಲಸದ ರೀತಿ ಹೀಗಿತ್ತು. ಬಿಳಿ ಬಣ್ಣ ಬಳಿದ ಈ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಎಳೆದು, ಬರೆಯಬೇಕಾದ್ದನ್ನು ಮೊದಲು ಚಿಕ್ಕದಾಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಹಲಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಸುತಳಿಯಿಂದ ಬಿಗಿದು ಹೊರಡುತ್ತಿದ್ದರು. ಕೆಂಭಾವಿಯೋ ಹುಣಸಗಿಯೋ, ಎಲ್ಲಿಗಾದರೂ ಸೈಕಲ್ಲೇ. ಅಲ್ಲಿ ಗೋಡೆಯ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಹಲಗೆಯ ಒಂದು ಚೌಕದಲ್ಲಿ ಏನಿದೆಯೋ ಗೋಡೆಯ ಆ ಚೌಕದಲ್ಲಿ ಅದನ್ನೇ ಇಳಿಸುವುದು. "ಏಣಿ ಮ್ಯಾಲ ನಿಂತಾಗ ಓದಬಾರದು ತಂಗಿ, ಓದಿದ್ರ ಕೈ ನಡಗ್ತದ. ಬರೀ ಗೆರಿ ನೋಡಬೇಕು" ಎನ್ನುತ್ತಿದ್ದರು. ಹಲಗೆ ಚಿಕ್ಕದಿರಲು ಕಾರಣ ಸೈಕಲ್ಲು, ಬೇರೇನಲ್ಲ.

ಆ ಚಿಕ್ಕ ಹಲಗೆಯೇ ಒಮ್ಮೆ ಅವರ ಮಾನ ಕಳೆಯಿತು.

ಕೆಂಭಾವಿಯಲ್ಲಿ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಸಂತೆಯಲ್ಲಿ ಗೋಣಿತಟ್ಟು ಹಾಸಿ ಅಕ್ಕಿ ಮಾರಿ, ಮೊದಲ ಸಲ ಸ್ವಂತ ಬಾಗಿಲಿನ ಅಂಗಡಿ ತೆರೆದಿದ್ದರು. ಬಾಗಿಲ ಮೇಲೆ 'ಅಕ್ಕಿ ಅಂಗಡಿ' ಎಂದು ಬರೆಯಬೇಕಿತ್ತು. ಕಾಕಾ ಅರ್ಧ ದಿನ ಏಣಿ ಮೇಲೆ ನಿಂತು, ಕೆಂಪು ಅಕ್ಷರಕ್ಕೆ ಹಳದಿ ನೆರಳು ಕೊಟ್ಟು ಇಳಿದರು. ಕೆಳಗೆ ನೆರೆದಿದ್ದ ಮಂದಿ ನಗಲು ಶುರುಮಾಡಿದರು. ಗೋಡೆಯ ಮೇಲೆ ಇದ್ದದ್ದು 'ಅಕಿ ಅಂಗಡಿ'. ಒತ್ತಕ್ಷರವೇ ಇರಲಿಲ್ಲ. ನಮ್ಮ ಕಡೆ ಅಕಿ ಎಂದರೆ ಅವಳು. ಅವಳ ಅಂಗಡಿ!

ಗುಂಪಿನಲ್ಲಿ ಯಾರೋ ಅಂದರಂತೆ: "ಸಾಲಿ ಕಲೀದವನ ಕೈಯಾಗ ಬೋರ್ಡ್ ಕೊಟ್ರ ಹಿಂಗೇ ಆಗ್ತದ."

ಕಾಕಾ ಮತ್ತೆ ಏಣಿ ಹತ್ತಲು ಹೋದಾಗ ಆ ಹೆಣ್ಣುಮಗಳೇ ತಡೆದರಂತೆ. "ಅಳಸಬ್ಯಾಡ್ರಿ. ಖರೇನ ಅದಲ್ಲ? ಇದು ಅಕಿ ಅಂಗಡಿನೇ. ನಂದೇ. ಇಷ್ಟು ದಿನ ಯಾರ್‍ಯಾರದೋ ಕಟ್ಟಿ ಮುಂದ ಕುಂತೀನಿ, ಈಗ ಊರು ಓದ್ಲಿ."

ಅವರಿಗೆ ಅದು ಹೆಮ್ಮೆಯಾಯಿತು. ಕಾಕಾನಿಗೆ ಆಗಲಿಲ್ಲ. ಅವತ್ತು ಸಂಜೆ ಅವರು ಸೈಕಲ್ ಹತ್ತದೆ ತಳ್ಳಿಕೊಂಡೇ ಓಣಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಲಗೆಯನ್ನು ಒರೆಸದೆ, ಮೊಳೆ ಹೊಡೆದು ತಲೆಬಾಗಿಲ ಮೇಲೆ ತೂಗುಹಾಕಿದರು. ಏನು ಕಾಕಾ ಇದು ಎಂದು ಕೇಳಿದೆ. "ಇನ್ ಮ್ಯಾಲ ಇದೇ ನನ್ನ ಮಾಸ್ತರ" ಎಂದರು. "ನನಗ ಅಕ್ಷರ ಬರ್ತಾವ ಅಂತ ತಿಳ್ಕೊಂಡಿದ್ದೆ ತಂಗಿ. ಗೆರಿ ಅಷ್ಟೇ ಬರ್ತಾವ..."

ಅಂದಿನಿಂದ ಅವರು ಗೋಡೆಯ ಮೇಲೆ ಮೊದಲು ಒತ್ತುಗಳನ್ನು ಬರೆಯತೊಡಗಿದರು. ನಿಜ ಹೇಳುತ್ತೇನೆ, ಒತ್ತುಗಳನ್ನಷ್ಟೇ! ಮೇಲಿನ ಅಕ್ಷರ ಆಮೇಲೆ. ಅರ್ಧ ದಿನ ಗೋಡೆಯ ಮೇಲೆ ಬರೀ ಕೊಂಡಿಗಳು ಸಾಲಾಗಿ ನೇತಾಡುತ್ತಿದ್ದವು. ಹೋಗಿ ಬರುವವರು ತಲೆ ಓರೆ ಮಾಡಿ ನೋಡಿ, "ಏನ್ರಿ ಪೇಂಟರ್, ತೆಲುಗಿನ್ಯಾಗ ಬರ್‍ಯಾಕತ್ತೀರೇನು?" ಎಂದು ಕಾಡುತ್ತಿದ್ದರು. ಬರೆದು ಮುಗಿಸಿದ ಮೇಲೆ ಕಾಕಾ ಗೋಡೆ ನೋಡುತ್ತಲೇ ಹಿಂದೆ ಹಿಂದೆ ಹನ್ನೆರಡು ಹೆಜ್ಜೆ ನಡೆದು, ದಾರಿಯಲ್ಲಿ ಸಿಕ್ಕ ಯಾರನ್ನಾದರೂ ನಿಲ್ಲಿಸಿ, "ಜರಾ ಓದಿ ಹೇಳ್ರಿ" ಎಂದು ಕೇಳುತ್ತಿದ್ದರು. ಅವರು ತಡವರಿಸದೆ ಓದಿದರೆ ಮಾತ್ರ ಬ್ರಷ್ ತೊಳೆಯುತ್ತಿದ್ದರು.

ಹಲಗೆಯನ್ನೂ ಬದಲಿಸಿದರು. ಚಿಕ್ಕದರಲ್ಲಿ ಒತ್ತು ಎಳ್ಳಿನಷ್ಟಾಗುತ್ತದೆಂದು ಎರಡೂವರೆ ಗೇಣಿನ ಹಲಗೆ ಮಾಡಿಸಿದರು. ಅದು ಕ್ಯಾರಿಯರಿನ ಎರಡೂ ಬದಿಗೆ ರೆಕ್ಕೆ ಚಾಚಿಕೊಂಡು ಹೊರಟಿತು. ಮೊದಲ ದಿನವೇ ಬಸ್‌ಸ್ಟ್ಯಾಂಡಿನ ಚಹಾದ ಬಂಡಿಯ ಮೇಲಿನ ಅಷ್ಟೂ ಗ್ಲಾಸುಗಳನ್ನು ನೆಲಕ್ಕೆ ಕೆಡವಿತು. ಎರಡನೆಯ ದಿನ ಒಂದು ಎಮ್ಮೆಗೆ ಬಡಿದು ಎಮ್ಮೆಯೂ ಕಾಕಾನೂ ಒಬ್ಬರನ್ನೊಬ್ಬರು ಬೈದುಕೊಂಡರು. ಕೊನೆಗೆ ಅರ್ಧ ಗೇಣು ಕೊಯ್ಸಿದರು. ಆದರೂ ಓಣಿಯಲ್ಲಿ ಅವರ ಸೈಕಲ್ ಬಂತೆಂದರೆ ನಾವು ಗೋಡೆಗೆ ಆತು ನಿಲ್ಲುತ್ತಿದ್ದೆವು.

ಆಮೇಲೆ ಫ್ಲೆಕ್ಸ್ ಬಂತು. ತಂದವರಲ್ಲಿ ನಾನೂ ಒಬ್ಬಳು. ಶಹಾಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಕೆಲಸಕ್ಕೆ ಸೇರಿದಾಗ ಕಾಕಾನ ಮುಖ ನೋಡಲು ನನಗೆ ನಾಚಿಕೆಯಾಗಿತ್ತು. ಅವರ ಅನ್ನಕ್ಕೆ ನಾನೇ ಕೈ ಹಾಕಿದೆನಲ್ಲ ಎಂದು ಸಂಕಟ. ಅವರೋ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಗೇ ಬಂದರು. ನನ್ನ ಕಂಪ್ಯೂಟರಿನ ತೆರೆಯ ಮೇಲೆ ಗೇಣು ಇಟ್ಟು ಅಳೆದರು.

"ಎಷ್ಟ ಇಂಚಿಂದು?"

"ಹದಿನೇಳು, ಕಾಕಾ."

"ಎಲ್ಲಿ ಹದಿನೇಳು? ಹದಿನಾಕೂ ತುಂಬಂಗಿಲ್ಲ!"

ಇದನ್ನು ಅಡ್ಡ ಅಳೆಯುವುದಿಲ್ಲ, ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ ಎಂದು ಹೇಳಿದೆ. ಅವರು ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. "ನಾನೂ ಹಂಗ ಅಳತಿ ಹೇಳಿದ್ರ ಮಂದಿ ಬಡೀತಿದ್ರು ನೋಡು" ಎಂದರು. ಆಮೇಲೆ ನಾನು ಮಾಡುತ್ತಿದ್ದ ಡಿಸೈನ್ ನೋಡಲು ಹಿಂದೆ ಹಿಂದೆ ನಡೆದು, ಅಂಗಡಿಯ ಬಾಗಿಲು ದಾಟಿ, ರಸ್ತೆಗೇ ಇಳಿದರು. ಹನ್ನೆರಡು ಹೆಜ್ಜೆ ಬೇಕಲ್ಲ! ಆಟೋದವನು ಹಾರ್ನ್ ಹೊಡೆದ. ಅಲ್ಲಿಂದಲೇ ಕೂಗಿದರು: "ಅಕ್ಷರ ಬಡಕಲಾಗ್ಯಾವ ತಂಗಿ! ಒತ್ತು ನೋಡಿದೇನು?"

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಅಕ್ಷರದ ಆರೋಗ್ಯ ವಿಚಾರಿಸಿ ಹೋದರು.

ಕಾಕಾ ತೀರಿಕೊಂಡ ಮೇಲೆ ಅವರ ಮಗಳು ಬಾಗಿಲ ಮೇಲಿನ ಹಲಗೆಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಕೊನೆಯ ದಿನಗಳಲ್ಲೂ ಅವರು ಅದನ್ನು ನೋಡಿ, "ಆ ಕೆಂಭಾವಿ ಒತ್ತು..." ಎನ್ನುತ್ತಿದ್ದರಂತೆ.

ಎರಡು ವರ್ಷದಿಂದ ನಾನು ಅವರ ಅಕ್ಷರಗಳನ್ನು ಕೂಡಿಸುತ್ತಿದ್ದೇನೆ. ಉಳಿದ ಗೋಡೆಗಳನ್ನು ಹುಡುಕಿ, ಫೋಟೋ ತೆಗೆದು, ಒಂದೊಂದನ್ನೇ ತಿದ್ದಿ ಕಂಪ್ಯೂಟರಿಗೆ ಫಾಂಟ್ ಮಾಡುವುದು. ಯಾರು ಬೇಕಾದರೂ ಕೀಲಿ ಒತ್ತಿದರೆ ಕಾಕಾನ ದುಂಡು 'ಅ' ಬರಬೇಕು! ಇದನ್ನು ಯೋಚಿಸಿದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಆದರೆ ಗೋಡೆಗಳು ನನಗಾಗಿ ಕಾಯುತ್ತಿಲ್ಲ. ಇವತ್ತು ಇದ್ದದ್ದು ನಾಳೆ ಸುಣ್ಣದ ಕೆಳಗೆ. ಎಲ್ಲ ಸಿಕ್ಕರೂ ಒಂದು ಸಿಕ್ಕಿರಲಿಲ್ಲ, ಕಕಾರದ ಒತ್ತು. 'ಮಕ್ಕಳ' ಎಂದು ಬರೆದಿದ್ದ ಒಂದೇ ಗೋಡೆಯನ್ನು ನಾನು ಹೋಗುವ ಮೊದಲೇ ಕೆಡವಿದ್ದರು. ಉಳಿದದ್ದು ಕೆಂಭಾವಿ, ಅಲ್ಲಿ ಅವರು ಬರೆದೇ ಇರಲಿಲ್ಲವಲ್ಲ...

ಅದಕ್ಕೇ ಈ ಲ್ಯಾಪ್‌ಟಾಪು. ಮನೆಯ ಹಳೆಯ ಕಂಪ್ಯೂಟರನ್ನು ಗೋಡೆಯ ಮುಂದೆ ಒಯ್ಯಲಾಗುವುದಿಲ್ಲ. ಗೋಡೆಯೆದುರು ಕೂತು, ಗೆರೆಗೆ ಗೆರೆ ಹೋಲಿಸಿ ತಿದ್ದಬೇಕು.

"ಬಸ್ಸಿನ್ಯಾಗ ಅಡ್ಡಾಡೋರಿಗಿ ಹದಿನಾಕೇ ಛಲೊ ನೋಡ್ರಿ ಅಕ್ಕಾರ" ಎಂದ ಅಂಗಡಿಯವನು. "ಒಂದೂವರೆ ಕೇಜಿನೂ ಇಲ್ಲ. ಹದಿನಾರಂದು ಎರಡರ ಮ್ಯಾಲ ಹೋಗ್ತದ, ಚಾರ್ಜರ್ ಬ್ಯಾರೆ ಇಟ್ಟಿಗಿಯಷ್ಟು ಭಾರ."

ನನ್ನ ಮನಸ್ಸೂ ಹದಿನಾಲ್ಕಕ್ಕೇ ಕಟ್ಟುಬಿದ್ದಿತ್ತು. ಹಲಗೆ ಹೊತ್ತು ಪರೀಕ್ಷೆಯೂ ಆಗಿತ್ತು. ಆದರೂ ಅವನು ಎರಡನ್ನೂ ಜೋಡಿಯಾಗಿ ಇಟ್ಟು, ನಿಮ್ಮದೇ ಫೋಟೋ ಹಾಕಿ ನೋಡಿರೆಂದ. ನನ್ನ ಪೆನ್‌ಡ್ರೈವಿನಲ್ಲಿ ಮೊದಲಿಗೆ ಸಿಕ್ಕದ್ದು ಈ ಹಲಗೆಯದೇ ಫೋಟೋ. ಎರಡರಲ್ಲೂ ತೆರೆದು, ಮಾಸಿದ ಗೆರೆ ಎದ್ದು ಕಾಣಲೆಂದು ಕಪ್ಪು-ಬಿಳುಪಿನ ವ್ಯತ್ಯಾಸ ಏರಿಸಿದೆ.

ಹದಿನಾಲ್ಕರಲ್ಲಿ ಹಲಗೆ ಹಲಗೆಯ ಹಾಗೇ ಇತ್ತು. ಕೆಳಗಡೆ, ಸುತಳಿ ತಿಕ್ಕಿ ತಿಕ್ಕಿ ಆದ ಕರಿ ಪಟ್ಟೆ. ಹದಿನಾರರ ಕಡೆ ತಿರುಗಿದೆ. ಆ ಪಟ್ಟೆಯೊಳಗೆ, 'ಕಿ'ಯ ಕೆಳಗೆ, ಏನೋ ಬಾಗಿತ್ತು. ಮುಖ ಹತ್ತಿರ ಒಯ್ದೆ. ಪೆನ್ಸಿಲಿನ ಒಂದು ಕೊಂಡಿ. ದುಂಡಗೆ, ತುದಿಯಲ್ಲಿ ಕಾಕಾನ ಕೈಯ ಆ ಪುಟ್ಟ ತಿರುವು.

ಒತ್ತು!

"ಬರದಾರ! ಕಾಕಾ ಬರದಾರ!" ಎಂದು ಕೂಗಿಯೇಬಿಟ್ಟೆ. ಅಂಗಡಿಯವನು ಕೈಯಲ್ಲಿದ್ದ ಮೌಸ್ ಕೆಡವಿದ. ಅವರು ಮರೆತಿರಲಿಲ್ಲ. ಅವರಿಗೆ ಅಕ್ಷರ ಬರುತ್ತಿತ್ತು. ಸರಿಯಾಗಿಯೇ ಬರೆದುಕೊಂಡು ಹೊರಟಿದ್ದರು. ರಂಗಂಪೇಟೆಯಿಂದ ಕೆಂಭಾವಿಯವರೆಗೆ ಕ್ಯಾರಿಯರಿನ ಸುತಳಿ ಅದನ್ನು ತಿಕ್ಕಿ ತಿಂದಿತ್ತು. ಏಣಿಯ ಮೇಲೆ ಓದಬಾರದೆಂಬ ತಮ್ಮದೇ ನೇಮದಂತೆ ಅವರು ಕಂಡಷ್ಟು ಗೆರೆಗಳನ್ನು ಇಳಿಸಿದ್ದರು.

ಹದಿನಾಲ್ಕರಲ್ಲಿ ಅಲ್ಲೇ ಹಿಗ್ಗಿಸಿ ನೋಡಿದೆ. ಇದ್ದದ್ದು ಅಲ್ಲೂ ಇತ್ತು. ಆದರೆ ಏನೂ ಇಲ್ಲವೆಂದು ನಂಬಿದ ಜಾಗವನ್ನು ಯಾರು ಹಿಗ್ಗಿಸಿ ನೋಡುತ್ತಾರೆ? ನಾನೇ ಎಷ್ಟು ವರ್ಷ ನೋಡಿರಲಿಲ್ಲ, ಕಾಕಾನೂ ಬಾಗಿಲಲ್ಲಿ ತಲೆ ಎತ್ತಿ ನೋಡುತ್ತಲೇ ಇದ್ದರು.

"ಹದಿನಾರೇ ಕೊಡ್ರಿ" ಎಂದೆ.

ಅದು ನನ್ನ ಬ್ಯಾಗಿಗೆ ಹಿಡಿಸಲಿಲ್ಲ. ಮನೆಗೂ ಹೋಗದೆ, ಶಹಾಪುರದಲ್ಲಿ ಬಸ್ ಬದಲಿಸಿ ನೇರ ಕೆಂಭಾವಿಗೆ ಹೊರಟೆ. ತೊಡೆಯ ಮೇಲೆ ಲ್ಯಾಪ್‌ಟಾಪು ಬಿಚ್ಚಿಕೊಂಡು ಆ ಒತ್ತಿನ ಮೇಲೆ ಗೆರೆ ಎಳೆಯುತ್ತಾ ಕೂತೆ. ಪ್ರತಿ ತಿರುವಿಗೂ ಅದರ ಮೂಲೆ ಪಕ್ಕದ ಮುದುಕರ ಪಕ್ಕೆಗೆ ತಿವಿಯುತ್ತಿತ್ತು. "ಏನವ್ವಾ, ಬಾಗಲಾ ಹೊತಗೊಂಡು ಹೊಂಟಿ?" ಎಂದು ಅವರು ಗೊಣಗಿದರು. ನನಗೆ ಚಹಾದ ಬಂಡಿಯೂ ಎಮ್ಮೆಯೂ ನೆನಪಾಗಿ ನಗು ತಡೆಯಲಾಗಲಿಲ್ಲ.

ಅಂಗಡಿಯ ಆ ಹೆಣ್ಣುಮಗಳಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ತಗಡಿನ ನೆರಳಿನಲ್ಲಿ 'ಅಕಿ ಅಂಗಡಿ' ಮಾತ್ರ ಇನ್ನೂ ಕೆಂಪಗೇ ಇದೆ. ಹಲಗೆಯನ್ನೂ ತೆರೆಯನ್ನೂ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ತೆರೆಯ ಮೇಲಿನ ಆ ಕೊಂಡಿಯ ಮೇಲೆ ಬೆರಳು ಆಡಿಸಿದರು.

"ಹುಚ್ಚ ಮನಷ್ಯಾ" ಎಂದರು, ಸೆರಗಿನಿಂದ ಕಣ್ಣೊರೆಸಿಕೊಂಡು. "ಹಬ್ಬಕ್ಕೊಮ್ಮಿ ಬಂದು ತಪ್ಪಾತ್ರಿ ತಪ್ಪಾತ್ರಿ ಅಂತಿದ್ದ. ತಪ್ಪು ಸುತಳಿದು ನೋಡು."

"ಈಗ ಒತ್ತು ಬರೀಲೇನ್ರಿ ಅಮ್ಮಾ?"

"ಬ್ಯಾಡವ್ವ. ಮ್ಯಾಲಿಂದು ನಂದು. ಕೆಳಗಿಂದು ಅವಂದು. ನಿನ್ನ ಡಬ್ಬಿಯೊಳಗ ಇರ್ಲಿ."

ಲ್ಯಾಪ್‌ಟಾಪನ್ನು ಅವರ ಅಕ್ಕಿಯ ಚೀಲದ ಮೇಲಿಟ್ಟು, ತೆರೆಯ ತುಂಬ ಒಂದೇ ಪದ ಜೋಡಿಸಿದೆ. ಹಿಂದೆ ಹಿಂದೆ ಹೆಜ್ಜೆ ಎಣಿಸುತ್ತಾ ರಸ್ತೆಗೆ ಇಳಿದೆ. ಹನ್ನೆರಡು. ಕೈಚೀಲ ಹಿಡಿದು ಹೊರಟಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿದೆ.

"ಜರಾ ಓದಿ ಹೇಳ್ರಿ."

ಅವರು ನನ್ನನ್ನೂ ತೆರೆಯನ್ನೂ ನೋಡಿ, "ಅಕ್ಕಿ" ಎಂದರು. ತಡವರಿಸಲಿಲ್ಲ. "ಯಾಕ್ರಿ, ನಿಮಗ ಓದಾಕ ಬರಂಗಿಲ್ಲೇನು?"

ಕೇಳಿದಿರಾ ಕಾಕಾ ಎನ್ನಲು ಪಕ್ಕಕ್ಕೆ ತಿರುಗಿದೆ. ಒಂದು ಸೈಕಲ್ ನಿಲ್ಲುವಷ್ಟು ಜಾಗ ಖಾಲಿ ಇತ್ತು.